ಅರವತ್ತಮೂರಕ್ಕೆ ಇಳಿದ ಹಡಗು

ಮದುವೆಯಾಗಿ ಗೌರಿಕೇರಿಗೆ ಬಂದ ದಿನ ಅತ್ತೆ ನನ್ನ ಕೈಗೆ ಎಣ್ಣೆಯ ಬಟ್ಟಲು ಕೊಟ್ಟು, ನಡುಮನೆಯಲ್ಲಿ ಮಲಗಿದ್ದ ಫಿರಂಗಿಗೆ ಹಚ್ಚು ಎಂದರು. ನಾನು ಊರಾಚೆಯ ಮರಳುದಿಣ್ಣೆಯವಳು, ಮೀನು ಹಿಡಿಯುವವರ ಮಗಳು. ನಮ್ಮ ಕಡೆ ಮನೆಯೊಳಗೆ ಫಿರಂಗಿ ಇರುವುದಿಲ್ಲ. ಎಮ್ಮೆಯ ಬೆನ್ನಿನಷ್ಟು ದಪ್ಪಗೆ, ಕರ್ರಗೆ ಮಲಗಿದ್ದ ಅದನ್ನು ಮುಟ್ಟದೆ ಬಟ್ಟಲು ಹಿಡಿದು ದೂರವೇ ನಿಂತೆ. ಅತ್ತೆ ನಕ್ಕರು. "ಹೆದರ್ಬೇಡ ಮಗಾ, ಇದು ಮನೆಯ ಹಿರಿಮಗ ಇದ್ದ ಹಾಗೆ. ಇದಕ್ಕೆ ಉಣ್ಣಲಿಕ್ಕೆ ಹಾಕ್ಬೇಕು ಅಂತ ಮಾತ್ರ ಇಲ್ಲ" ಎಂದರು. ಒಂದೆರಡು ವರ್ಷದಲ್ಲಿ ನಾನೂ ಎಲ್ಲರಂತೆ ಅದರ ಮೇಲೆ ಹಪ್ಪಳ ಒಣಗಿಸಿದೆ, ಒದ್ದೆ ಸೀರೆ ಹರವಿದೆ. ಮಗಳು ರುಕ್ಕುವಿಗೆ ಜ್ವರ ಬಂದಾಗ ಅವಳ ಹೊಟ್ಟೆಯನ್ನು ಆ ತಣ್ಣನೆಯ ಕಬ್ಬಿಣಕ್ಕೆ ಒತ್ತಿ ಹಿಡಿದು ಕೂರುತ್ತಿದ್ದೆ. ಅವಳಿಗೆ ನಡಿಗೆ ಬಂದದ್ದೂ ಅದನ್ನು ಹಿಡಿದುಕೊಂಡೇ.

ನಮ್ಮ ಊರಿನಲ್ಲಿ ಒಂದೊಂದು ಕೇರಿಗೆ ಒಂದೊಂದು ಯುದ್ಧದ ಹಡಗು. ಹಡಗು ಬಂದರಿನಲ್ಲಿ ವಿಶ್ರಾಂತಿಗೆ ನಿಂತಾಗ ಅದರ ಫಿರಂಗಿಗಳು ಕೇರಿಯ ಮನೆಗಳಿಗೆ ಬರುತ್ತವೆ, ಮನೆಗೆ ಒಂದರಂತೆ. ಯುದ್ಧದ ಕರೆ ಬಂದರೆ ಪ್ರತಿ ಮನೆಯವರೂ ತಮ್ಮ ಫಿರಂಗಿಯನ್ನು ಎಳೆದುಕೊಂಡು ಹೋಗಿ ಹಡಗಿಗೆ ಹತ್ತಿಸುತ್ತಾರೆ, ಅದರ ಜೊತೆಗೆ ಮನೆಯಿಂದ ಒಬ್ಬ ಹೋಗುತ್ತಾನೆ. ಎಷ್ಟು ಫಿರಂಗಿ ಹತ್ತಿತೋ ಅದೇ ಹಡಗಿನ ದರ್ಜೆ. ನೂರು ದಾಟಿದರೆ ಮೊದಲನೆಯದು, ಮೂರು ಅಂತಸ್ತಿನ ಹಡಗು, ಊರಿನಲ್ಲಿ ಎರಡೇ ಇದ್ದವು. ಅದಕ್ಕಿಂತ ತುಸು ಕಡಿಮೆಯಾದರೆ ಎರಡನೆಯದು. ಅರವತ್ತನಾಲ್ಕರಿಂದ ಮೇಲೆ ಮೂರನೆಯದು. ಈ ಮೂರು ದರ್ಜೆಯ ಹಡಗುಗಳಿಗೆ ಮಾತ್ರ ಯುದ್ಧದಲ್ಲಿ ಒಂದರ ಹಿಂದೊಂದು ಸಾಲಾಗಿ ನಿಲ್ಲುವ ಹಕ್ಕು. ಅರವತ್ತಮೂರು ಎಂದರೆ ನಾಲ್ಕನೆಯ ದರ್ಜೆ. ಆ ಹಡಗುಗಳು ಅಕ್ಕಿಯ ದೋಣಿಗಳನ್ನು ಕಾಯುತ್ತಾ ದಡದ ಬಳಿಯೇ ಓಡಾಡಿಕೊಂಡಿರಬೇಕು. ಹಡಗಿನ ಮೇಲಿನ ತೆರೆದ ಅಟ್ಟದಲ್ಲಿ ನಿಲ್ಲಿಸುವ ಗಿಡ್ಡ ಫಿರಂಗಿಗಳು ಯಾವ ಎಣಿಕೆಗೂ ಸೇರುವುದಿಲ್ಲ. ಅವು ಬಂದರಿನ ಉಗ್ರಾಣದಲ್ಲೇ ಬಿದ್ದಿರುತ್ತವೆ, ಯಾರ ಮನೆಯವೂ ಅಲ್ಲ.

ಹಡಗಿನ ದರ್ಜೆಯೇ ಕೇರಿಯ ದರ್ಜೆ. ಸಿಹಿನೀರಿನ ಬಾವಿಯಲ್ಲಿ ಯಾರು ಮೊದಲು ಕೊಡ ಇಳಿಸಬೇಕು, ಯಾರ ಮನೆಯ ಹೆಣ್ಣು ಯಾವ ಮನೆಗೆ ಹೋಗಬಹುದು, ಎಲ್ಲ ಅದರ ಮೇಲೆ. ನನ್ನ ಗಂಡನ ಚಿಕ್ಕಂದಿನಲ್ಲಿ ನಮ್ಮ ಹಡಗಿಗೆ ಎಪ್ಪತ್ತನಾಲ್ಕು ಫಿರಂಗಿ ಇದ್ದವಂತೆ. ಕಳೆದ ಯುದ್ಧದಲ್ಲಿ ಗಂಡಸರು ಉಳಿಯದೆ ಹತ್ತು ಮನೆಗಳ ಬಾಗಿಲು ಮುಚ್ಚಿತು, ಅವುಗಳ ಫಿರಂಗಿಗಳನ್ನು ಬಂದರಿನವರು ಒಯ್ದರು. ಉಳಿದದ್ದು ಅರವತ್ತನಾಲ್ಕು.

ನನ್ನ ಗಂಡ ಮಾಸ್ತಪ್ಪ ಫಿರಂಗಿಗೆ ಗುರಿ ಹಿಡಿಯುವುದರಲ್ಲಿ ಕೇರಿಗೇ ಮೊದಲಿಗರು. ಕಳೆದ ಯುದ್ಧದಲ್ಲಿ ಹೊಡೆತಕ್ಕೆ ಹಿಂದಕ್ಕೆ ಚಿಮ್ಮಿದ ಫಿರಂಗಿ ಅವರ ಮಂಡಿಗೆ ಬಡಿದಿತ್ತು. ಆಮೇಲೆ ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಆದರೂ ಕೇರಿಯ ಹುಡುಗರಿಗೆ ಮದ್ದು ತುಂಬುವುದನ್ನು, ಅಲೆ ಏರುವಾಗ ಹೊಡೆಯಬೇಕೋ ಇಳಿಯುವಾಗ ಹೊಡೆಯಬೇಕೋ ಎಂಬುದನ್ನು ಅವರೇ ಕಲಿಸುತ್ತಿದ್ದರು. ಹೆಚ್ಚು ಮಾತಿನವರಲ್ಲ. ಮಗಳೆಂದರೆ ಮಾತ್ರ ಬಾಯಿ ಬಿಡುತ್ತಿದ್ದರು. ರುಕ್ಕು ಅವರ ತಟ್ಟೆಯಲ್ಲೇ ಉಣ್ಣುತ್ತಿದ್ದಳು.

ಅವಳಿಗೆ ಹತ್ತು ತುಂಬಿದ ವರ್ಷ ಮತ್ತೆ ಕರೆ ಬಂತು. ದೊಡ್ಡ ಯುದ್ಧ, ಸಾಲಿನ ಹಡಗುಗಳೆಲ್ಲ ಹೊರಡಬೇಕು ಎಂದು ಡಂಗುರ ಸಾರಿದರು. ಗಂಡಸರು ಹೊರಗೆ ಎದೆ ಉಬ್ಬಿಸಿಕೊಂಡು ಓಡಾಡಿದರು. ಒಳಗೆ ಹೆಂಗಸರು ಒಲೆಯ ಮುಂದೆ ಸುಮ್ಮನೆ ಕೂತರು.

ಮಾರನೆಯ ಮಧ್ಯಾಹ್ನ ನಾನು ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದಾಗ ಹೊನ್ನಕ್ಕ ಹಿಂದಿನ ಬಾಗಿಲಿನಿಂದ ಬಂದಳು. ಮೂರು ಮನೆ ಆಚೆಯವಳು. ಅವಳ ದೊಡ್ಡ ಮಗ ಕಳೆದ ಯುದ್ಧದಲ್ಲಿ ಹೋಗಿದ್ದ. ಉಳಿದವನು ದುಗ್ಗ, ಮೂವತ್ತು ದಾಟಿದ, ಆಗಷ್ಟೇ ಮದುವೆಯಾದ ಮಗ. ಒಂದು ಲೋಟ ಹುಣಸೆಹುಳಿ ಕೇಳುವ ನೆಪದಲ್ಲಿ ಬಂದವಳು ಲೋಟವನ್ನು ಕೆಳಗಿಟ್ಟು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ವೇಣಿ, ಈಗ ಕೇರಿಯಲ್ಲಿ ಅರವತ್ತನಾಲ್ಕು ಮನೆ ಉಂಟು. ಒಂದು ಕಮ್ಮಿ ಆದ್ರೆ ಹಡಗು ಸಾಲಿಗೆ ನಿಲ್ಲೂದಿಲ್ಲ" ಎಂದಳು.

"ನನಗೂ ಗೊತ್ತುಂಟು ಹೊನ್ನಕ್ಕ."

"ನಿಮ್ಮವರಿಗೆ ಹೇಳು."

"ಇವರು ಕಾಲು ನೋವು ಅಂದ್ರೆ ಎಂತ ಆಗ್ತದೆ? ಕೇರಿಯ ನಾಯ್ಕರು ಇಬ್ರು ಗಂಡುಮಕ್ಕಳಿದ್ದ ಮನೆಯಿಂದ ಒಬ್ಬನನ್ನು ನಮ್ಮ ಫಿರಂಗಿಗೆ ಹಾಕ್ತಾರೆ, ಅಷ್ಟೇ. ಎಣಿಕೆ ಇಳಿಯೂದಿಲ್ಲ."

"ಕಾಲು ಅಂತ ಹೇಳೂದಲ್ಲ" ಎಂದು ಹೊನ್ನಕ್ಕ ತಲೆ ತಗ್ಗಿಸಿದಳು.

ನನಗೆ ಅರ್ಥವಾಯಿತು. ಕಾಯಿಲೆಯವನ ಫಿರಂಗಿಯನ್ನು ಬೇರೆಯವರು ನಡೆಸಬಹುದು. ಆದರೆ ಕೇರಿಯ ನಡುವೆ ನಿಂತು ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದವನ ಮನೆಯ ಫಿರಂಗಿಯನ್ನು ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಹಾಗೆ ಹೇಳಿದವರು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಬೇರೆ ಕೇರಿಯಲ್ಲಿ ಒಬ್ಬ ಹೇಳಿದ್ದನಂತೆ, ಅವನ ಮೊಮ್ಮಕ್ಕಳನ್ನೂ ಆ ಹೆಸರಿನಿಂದಲೇ ಕರೆಯುತ್ತಿದ್ದರು.

ನನಗೆ ಸಿಟ್ಟು ಬಂತು. "ಹಾಗಾದ್ರೆ ನಿಮ್ಮ ದುಗ್ಗನೇ ಹೇಳ್ಲಿ" ಎಂದೆ.

"ಅವ ಹೇಳೂದಿಲ್ಲ. ಅವನಿಗೆ ನಿಜವಾಗ್ಲೂ ಹೆದರಿಕೆ ಉಂಟು. ಅಣ್ಣ ಹೋದ ಮೇಲೆ ಸರಿಯಾಗಿ ಉಣ್ಣೂದಿಲ್ಲ ಅವ. ಹೆದರಿಕೆ ಇದ್ದವನ ಬಾಯಿಂದ ಆ ಮಾತು ಬರೂದಿಲ್ಲ ಮಾರಾಯ್ತಿ" ಎಂದು ಹೊನ್ನಕ್ಕ ನನ್ನ ಮೀನಿನ ಕೈಯನ್ನೇ ಹಿಡಿದುಕೊಂಡು ಅತ್ತಳು. "ನಿನ್ನ ಗಂಡನನ್ನು ಯಾರೂ ಹೆದರುಪುಕ್ಕ ಅನ್ನೂದಿಲ್ಲ. ಅವರು ಹೇಳಿದ್ರೆ ಜನ ಎರಡು ದಿನ ಮಾತಾಡಿ ಸುಮ್ಮನಾಗ್ತಾರೆ."

ಸುಮ್ಮನಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಹೋದ ಮೇಲೆ ಇನ್ನೊಬ್ಬಳು ಬಂದಳು, ಸಂಜೆಗೆ ಮತ್ತಿಬ್ಬರು. ಎಲ್ಲರೂ ಹಿಂದಿನ ಬಾಗಿಲಿನಿಂದ, ಎಲ್ಲರೂ ಉಪ್ಪೋ ಬೆಂಕಿಕೆಂಡವೋ ಕೇಳುವ ನೆಪದಲ್ಲಿ. ನಾನು ಯಾರಿಗೂ ಹೂಂ ಅನ್ನಲಿಲ್ಲ. ಗಂಡನಿಗೂ ಹೇಳಲಿಲ್ಲ.

ಆದರೆ ಅವರು ಗೋಡೆಯ ಆಚೆ ಕೂತು ಫಿರಂಗಿ ಎಳೆಯುವ ಹಗ್ಗ ಹೊಸೆಯುತ್ತಿದ್ದರು. ಊಟಕ್ಕೆ ಕೂತಾಗ ರುಕ್ಕು ಕೈ ತೊಳೆಯಲು ಎದ್ದ ಹೊತ್ತು ನೋಡಿ, "ಹೊನ್ನಕ್ಕನ ಹಿಂದೆ ಯಾರ್ಯಾರು ಬಂದ್ರು?" ಎಂದರು. ನಾನು ಹೇಳಿದೆ. ಅವರು ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದರು.

"ಸಾಲು ಅಂದ್ರೆ ಎಂತ ಗೊತ್ತುಂಟಾ ವೇಣಿ? ಮುಂದೆ ನಮ್ಮದೇ ಹಡಗು, ಹಿಂದೆ ನಮ್ಮದೇ ಹಡಗು. ಪಕ್ಕದಲ್ಲಿ ವೈರಿಗಳದ್ದು, ಕೂಗಿದ್ರೆ ಕೇಳೂವಷ್ಟು ಹತ್ರ. ಅತ್ತ ಇತ್ತ ಸರಿಯಲಿಕ್ಕೆ ಜಾಗ ಇಲ್ಲ. ಯಾರದ್ದು ಮೊದ್ಲು ಮುಗೀತದೆ ಅಂತ ನಿಂತು ಹೊಡೆಯೂದು, ಅಷ್ಟೇ. ಹೊನ್ನಕ್ಕನ ದೊಡ್ಡವ ನನ್ನ ಪಕ್ಕದ ಫಿರಂಗಿಯಲ್ಲಿದ್ದ. ಒಂದು ಸಲ ತಿರುಗಿ ನೋಡಿದೆ, ಇದ್ದ. ಮತ್ತೆ ನೋಡಿದೆ, ಫಿರಂಗಿ ಮಾತ್ರ ಇತ್ತು."

"ನೀವು ಎಂತದೂ ಹೇಳ್ಬೇಡಿ. ಅವರವರ ಮನೆಯದ್ದು ಅವರವರು ನೋಡ್ಕೊಳ್ಲಿ" ಎಂದೆ. ರುಕ್ಕು ಬಂದು ಪಕ್ಕಕ್ಕೆ ಕೂತಳು.

ಹೊರಡುವ ದಿನ ಬೆಳಿಗ್ಗೆ ಎಲ್ಲ ಮನೆಗಳ ಫಿರಂಗಿಗಳೂ ಹೊಸಿಲು ದಾಟಿ ಬೀದಿಗೆ ಬಂದವು. ಅವುಗಳಿಗೆ ಹೂ ಹಾಕಿ, ಕುಂಕುಮ ಇಟ್ಟಿದ್ದರು. ಕೇರಿಯ ಮುಖ್ಯಸ್ಥ ಕಲ್ಲನಾಯ್ಕರು ಬೆಳ್ಳಿಕಟ್ಟಿನ ಕೋಲು ಹಿಡಿದು ಒಂದೊಂದೇ ಫಿರಂಗಿಯನ್ನು ಮುಟ್ಟಿ, "ಇದರ ಜೊತೆ ಯಾರು?" ಎಂದು ಕೇಳುತ್ತಾ ಬಂದರು. ಗಂಡಸು ತನ್ನ ಹೆಸರು ಹೇಳಿದರೆ ಡೋಲು ಬಡಿಯುತ್ತಿದ್ದರು. ದುಗ್ಗ ಹೆಸರು ಹೇಳಿದ. ಅವನ ದನಿ ಸಣ್ಣಗಿತ್ತು, ಆದರೂ ಹೇಳಿದ. ಹೊನ್ನಕ್ಕ ಬಾಗಿಲ ಹಿಂದೆ ನಿಂತಿದ್ದಳು, ಸೀರೆಯ ಸೆರಗು ಮಾತ್ರ ಕಾಣುತ್ತಿತ್ತು.

ನಾಯ್ಕರು ನಮ್ಮ ಫಿರಂಗಿಯನ್ನು ಮುಟ್ಟಿದರು. "ಇದರ ಜೊತೆ ಯಾರು?"

"ಯಾರೂ ಇಲ್ಲ" ಎಂದರು ನನ್ನ ಗಂಡ.

"ಕಾಲು ನೋವಾ ಮಾಸ್ತಪ್ಪ? ಹಾಗಾದ್ರೆ ಹೇಳು. ಬೇರೆಯವರನ್ನು ಕೊಡುವಾ."

"ಕಾಲು ಸರಿ ಉಂಟು."

"ಮನೆಯಲ್ಲಿ ಏನಾದ್ರೂ ತೊಂದರೆಯಾ?"

"ಎಂತ ತೊಂದರೆಯೂ ಇಲ್ಲ ನಾಯ್ಕರೇ. ನನಗೆ ಹೆದರಿಕೆ."

ಡೋಲಿನವನ ಕೈ ಮೇಲೆತ್ತಿದ್ದು ಹಾಗೆಯೇ ನಿಂತಿತು. ನಾಯ್ಕರಿಗೆ ಕೇಳಿಸಲಿಲ್ಲವೋ, ಕೇಳಿಸಬಾರದು ಎಂದುಕೊಂಡರೋ, "ಎಂತ ಹೇಳಿದೆ?" ಎಂದರು. ನನ್ನ ಗಂಡ ಬೀದಿಯ ತುದಿಯವರೆಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದರು. ಆಗ ನಾಯ್ಕರು ಕೋಲಿನಿಂದ ಅವರ ತಲೆಯ ರುಮಾಲನ್ನು ತಳ್ಳಿ ಕೆಡವಿದರು. ಫಿರಂಗಿಯ ಮೇಲಿನ ಹೂವನ್ನು ಕಿತ್ತು ತೆಗೆದರು. ನಾಲ್ಕು ಜನ ಸೇರಿ ಅದನ್ನು ಮನೆಯೊಳಕ್ಕೆ ನೂಕಿ, ಬಾಯಿ ಗೋಡೆಯ ಕಡೆಗೆ ತಿರುಗಿಸಿ ಹೋದರು. ರುಕ್ಕು ನನ್ನ ಸೊಂಟ ಹಿಡಿದು ನಿಂತಿದ್ದಳು. ಅವಳು ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ಅಪ್ಪನ ಬರಿತಲೆಯನ್ನೇ ನೋಡುತ್ತಿದ್ದಳು.

ಆ ದಿನವೇ ಬಡಗಿ ಬಂದು ಹಡಗಿನ ಹಿಂಭಾಗದಲ್ಲಿ ಕೆತ್ತಿದ್ದ ಮೂರನೆಯ ದರ್ಜೆಯ ಗುರುತನ್ನು ಕೆರೆದು ಹಾಕಿದ. ಬೇರೆ ಕೇರಿಯ ಹಡಗುಗಳು ಸಾಲಾಗಿ ಹೊರಟಾಗ ನಮ್ಮದು ಅಕ್ಕಿಯ ದೋಣಿಗಳ ನಡುವೆ ಉಳಿಯಿತು. ನಮ್ಮ ಗಂಡಸರು ನಾಚಿಕೆಯಿಂದ ಅಟ್ಟದ ಮೇಲೆ ಬಂದು ನಿಲ್ಲಲೂ ಇಲ್ಲವಂತೆ.

ಮಳೆಗಾಲ ಶುರುವಾಗುವ ಮೊದಲು ಸಾಲಿನ ಹಡಗುಗಳು ವಾಪಸು ಬಂದವು. ಬಂದವು ಎಂದರೆ ಅರ್ಧ ಬಂದವು. ಮೊದಲ ದರ್ಜೆಯದೊಂದು ಸುಟ್ಟು ಹೋಗಿತ್ತು. ಪಕ್ಕದ ಮಚ್ಚಿಕೇರಿಯ ಹಡಗು, ಅದೂ ನಮ್ಮಂತೆ ಮೂರನೆಯ ದರ್ಜೆಯದೇ, ಜನರ ಸಮೇತ ಮುಳುಗಿತ್ತು. ಆ ಕೇರಿಯಲ್ಲಿ ದೀಪ ಹಚ್ಚಲು ಮುದುಕರು, ಹೆಂಗಸರು ಮಾತ್ರ ಉಳಿದರು. ಸತ್ತ ಪ್ರತಿ ಫಿರಂಗಿಕಾರನಿಗೂ ಬಂದರಿನಲ್ಲಿ ಒಂದೊಂದು ಗುಂಡು ಹಾರಿಸುವುದು ಪದ್ಧತಿ. ಆ ಸದ್ದು ಬೆಳಿಗ್ಗೆ ಶುರುವಾದದ್ದು ಸಂಜೆಯಾದರೂ ನಿಲ್ಲಲಿಲ್ಲ. ನಮ್ಮ ಕೇರಿಯ ಗಂಡಸರು ಮೈತುಂಬ ಅಕ್ಕಿಯ ತೌಡು ಮೆತ್ತಿಕೊಂಡು, ಒಬ್ಬನೂ ಕಡಿಮೆಯಿಲ್ಲದೆ ಮನೆಗೆ ಬಂದರು.

ಹೆಂಗಸರು ಒಳಗೆ ಬಾಗಿಲು ಹಾಕಿಕೊಂಡು ಗಂಡಂದಿರ ಮೈ ಮುಟ್ಟಿ ಮುಟ್ಟಿ ನೋಡಿದರು. ಹೊರಗೆ ಬಂದಾಗ ಅವರ ಮುಖ ಬೇರೆ. ಬಾವಿಯಲ್ಲಿ ಈಗ ನಮ್ಮ ಕೇರಿಗೆ ಕೊನೆಯ ಸರದಿ, ತಳದ ಕೆಸರುನೀರು. ಮಚ್ಚಿಕೇರಿಯ ವಿಧವೆಯರು ನಮ್ಮನ್ನು ಕಂಡರೆ, "ಅಕ್ಕಿ ಕಾಯುವವರ ಹೆಂಡಂದಿರು ಬಂದ್ರು" ಎನ್ನುತ್ತಿದ್ದರು. ಅವರಿಗೆ ತಿರುಗಿ ಹೇಳಲು ಯಾರಿಗೆ ಬಾಯಿ ಬರುತ್ತದೆ? ಆ ಸಿಟ್ಟೆಲ್ಲ ನಮ್ಮ ಮನೆಯ ಮೇಲೆ ತಿರುಗಿತು. ಬೆಂಕಿಕೆಂಡಕ್ಕೆ ಬಂದವಳು, ಉಪ್ಪಿಗೆ ಬಂದವಳು, ಎಲ್ಲರೂ ನಾನು ಎದುರಾದರೆ ಕೊಡ ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ ಮುಖ ತಿರುಗಿಸಿದರು. ಹೊನ್ನಕ್ಕ ತಿರುಗಿಸಲಿಲ್ಲ. ಆದರೆ ಮಾತನ್ನೂ ಆಡಲಿಲ್ಲ. ದುಗ್ಗನಂತೂ ಒಂದು ದಿನ ಬೀದಿಯಲ್ಲಿ ನನ್ನ ಗಂಡನ ಕಾಲಬುಡಕ್ಕೆ ಉಗಿದ. ಅವರು ಕಾಲನ್ನು ಸ್ವಲ್ಪ ಆಚೆಗಿಟ್ಟು ನಡೆದು ಬಂದರು. ಮನೆಗೆ ಬಂದು, "ದುಗ್ಗ ದಪ್ಪ ಆಗಿದ್ದಾನೆ, ಚೆನ್ನಾಗಿ ಉಣ್ತಿದ್ದಾನೆ ಅಂತ ಕಾಣ್ತದೆ" ಎಂದರು.

ಅದನ್ನೆಲ್ಲ ತಡೆದುಕೊಂಡೆವು. ತಡೆಯಲಾಗದ್ದು ರುಕ್ಕುವಿನದು. ಒಂದು ದಿನ ಬೀದಿಯ ಮಕ್ಕಳ ಜೊತೆ ಹೊಡೆದಾಡಿ ಹರಿದ ಲಂಗದಲ್ಲಿ ಬಂದು ಅಪ್ಪನ ಮುಂದೆ ನಿಂತಳು. "ಅಪ್ಪ, ನಿಜವಾಗ್ಲೂ ಹೆದರಿಕೆ ಆಯ್ತಾ?" ಎಂದು ಕೇಳಿದಳು. ನಾನು ಒಳಗಿನಿಂದ ಓಡಿ ಬಂದೆ. ಅವರು ನನ್ನ ಕಡೆ ಒಮ್ಮೆ ನೋಡಿ, "ಹೌದು ಮಗಾ" ಎಂದರು. ಅವಳು ಒಳಗೆ ಹೋದಳು. ಆವತ್ತು ತನ್ನ ತಟ್ಟೆಯನ್ನು ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತು ಉಂಡಳು. ಆಮೇಲೆ ಅವಳು ಅವರನ್ನು ಅಪ್ಪ ಎಂದು ಕರೆಯಲಿಲ್ಲ. ಏನಾದರೂ ಹೇಳಬೇಕಾದರೆ, "ಅಮ್ಮ, ಅವರಿಗೆ ಹೇಳು" ಎನ್ನುತ್ತಿದ್ದಳು.

"ಅವಳಿಗೊಬ್ಬಳಿಗೆ ಹೇಳುವಾ" ಎಂದು ನಾನು ಎಷ್ಟು ಸಲ ಬೇಡಿಕೊಂಡೆನೋ.

"ಮಗು ಅದು. ಯಾರಾದ್ರೂ ಚುಚ್ಚಿದ್ರೆ ಬಾಯಿ ತಡೆಯೂದಿಲ್ಲ. ನಾನು ಹೆದರಿಕೆ ಅಂದದ್ದು ಸುಳ್ಳು ಅಂತ ಗೊತ್ತಾದ್ರೆ ನಾಳೆಯೇ ನಾಯ್ಕರು ಬಂದು ಫಿರಂಗಿ ತಿರುಗಿಸ್ತಾರೆ, ಹಡಗು ಮತ್ತೆ ಅರವತ್ತನಾಲ್ಕಾಗ್ತದೆ. ಮತ್ತೆ ಸಾಲಿಗೆ ಹೋಗೂದು ಯಾರು? ನಾನು ಒಬ್ಬ ಹೋದ್ರೆ ಚಿಂತೆ ಇರ್ಲಿಲ್ಲ" ಎನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಅವಳು ಅಡುಗೆಮನೆಯಲ್ಲಿ ಉಣ್ಣುವಾಗ ಇತ್ತ ಇವರು ಒಬ್ಬರೇ ಕೂತು ತಟ್ಟೆಯ ಒಂದು ಪಕ್ಕದಲ್ಲಿ ಮಾತ್ರ ಅನ್ನ ಕಲಸುವುದನ್ನು ನೋಡಿದಾಗ, ಇಡೀ ಕೇರಿಯೇ ಮುಳುಗಲಿ, ಹೇಳಿಬಿಡೋಣ ಅನಿಸುತ್ತಿತ್ತು.

ಹೀಗೆ ಹತ್ತು ಹದಿನೈದು ವರ್ಷಗಳು ಹೋದವು. ರುಕ್ಕು ದೊಡ್ಡವಳಾದಳು. ನೋಡಲು ಬರುತ್ತೇವೆ ಎಂದವರು ಮನೆಯ ಹೆಸರು ಕೇಳಿ ಬರದೆ ಉಳಿದರು. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಪ್ಪನ ಹಾಗೆಯೇ.

ಇನ್ನೊಂದು ಕರೆ ಬಂತು. ನಮ್ಮ ಹಡಗಿಗೆ ಎಂದಿನಂತೆ ಅಕ್ಕಿಯ ಕೆಲಸ. ಆದರೆ ಸಾಲಿನ ಹಡಗುಗಳಲ್ಲಿ ಗಿಡ್ಡ ಫಿರಂಗಿಗಳಿಗೆ ಜನ ಸಾಲದು ಎಂದು ಸಾರಿದರು. ಎಣಿಕೆಗೆ ಸೇರದ ಆ ಫಿರಂಗಿಗಳಿಗೆ ಯಾರಾದರೂ ಆದೀತು, ಹೆದರಿಕೆ ಎಂದವನೂ ಆದೀತು. ತಲೆಯ ಮೇಲೆ ಮರೆಯಿಲ್ಲದ ಜಾಗ ಅದು. ನನ್ನ ಗಂಡ ಹೋಗುತ್ತೇನೆ ಎಂದರು.

"ಈ ಕಾಲಲ್ಲಾ? ಈ ವಯಸ್ಸಲ್ಲಾ?" ಎಂದೆ.

"ಕೂತು ಕೂತು ಸಾಕಾಗಿದೆ ವೇಣಿ. ಇದರಲ್ಲಿ ಯಾರ ದರ್ಜೆಯೂ ಏರೂದಿಲ್ಲ, ಇಳಿಯೂದಿಲ್ಲ. ನನಗೆ ಸಮುದ್ರ ನೋಡ್ಬೇಕು" ಎಂದರು. ಹೊರಡುವಾಗ ಅಡುಗೆಮನೆಯ ಬಾಗಿಲಿಗೆ ಬಂದು, "ರುಕ್ಕು, ಹೋಗಿ ಬರ್ತೇನೆ" ಎಂದರು. ಅವಳು ಒಲೆ ಊದುತ್ತಿದ್ದಳು. ಹೊಗೆಯಿಂದ ಕಣ್ಣು ಒರೆಸಿಕೊಂಡು, "ಹೂಂ" ಎಂದಳು. ಅಷ್ಟು ವರ್ಷಗಳಲ್ಲಿ ಅವರಿಗೆ ನೇರವಾಗಿ ಸಿಕ್ಕ ಉತ್ತರ ಅದೊಂದೇ. ಅದಕ್ಕೇ ಅವರ ಮುಖ ಅರಳಿತು.

ಅವರು ಬರಲಿಲ್ಲ. ಹಡಗುಗಳು ಬಂದ ದಿನ ಬಂದರಿನಲ್ಲಿ ಗುಂಡು ಹಾರಿಸಿದರು. ಎಣಿಕೆಯ ಫಿರಂಗಿಯಲ್ಲಿ ಸತ್ತವರಿಗೆ ಒಂದೊಂದು. ಗಿಡ್ಡ ಫಿರಂಗಿಯವರಿಗೆ ಅದಿಲ್ಲ. ನಾನೂ ರುಕ್ಕುವೂ ಹಡಗು ಕಟ್ಟುವ ಧಕ್ಕೆಯ ಮೇಲೆ ಕೊನೆಯ ಸದ್ದು ಅಡಗುವವರೆಗೂ ನಿಂತು, ಯಾರೂ ಏನೂ ಹೇಳದಿದ್ದಾಗ ಮನೆಗೆ ಬಂದೆವು.

ಮೂರನೆಯ ದಿನ ಒಬ್ಬ ಅಪರಿಚಿತ ಬಾಗಿಲಿಗೆ ಬಂದ. ಬೇರೆ ಕೇರಿಯವನು, ಸಾಂತಯ್ಯ ಎಂದು ಹೆಸರು. ಒಂದು ಕಿವಿ ಸುಟ್ಟಿತ್ತು. ಅಕ್ಕಿಯ ಕೆಲಸ ಮುಗಿಸಿ ಬಂದಿದ್ದ ಗಂಡಸರೂ ಸೇರಿ ಕೇರಿಯ ಜನ ಕಿಟಕಿಗಳಿಂದ ನೋಡುತ್ತಿದ್ದರು. ಅವನು ಒಳಗೆ ಬಂದು ಗೋಡೆಗೆ ಮುಖ ಮಾಡಿದ್ದ ಫಿರಂಗಿಯನ್ನು ನೋಡಿ ನಿಂತುಬಿಟ್ಟ.

"ನಾನು ಅವರ ಜೊತೆಯೇ ಇದ್ದೆ ಅಮ್ಮ. ಹಾಯಿ ಹರಿದು ಮೇಲೆ ಬಿತ್ತು, ಬೆಂಕಿ ಹತ್ಕೊಂಡಿತು. ಎಲ್ಲ ಕೆಳಗೆ ಓಡಿದ್ರು, ನಾನೂ ಓಡಿದೆ. ಅವರು ಓಡ್ಲಿಲ್ಲ. ಹಾಯಿಯ ಕೆಳಗೆ ಸಿಕ್ಕಿದವರನ್ನ ಒಬ್ಬೊಬ್ಬರನ್ನಾಗಿ ಎಳೆದು ಹಾಕ್ತಾ ಇದ್ರು. ಮತ್ತೊಬ್ಬ ಉಂಟು ಅಂತ ಹೇಳಿ ತಿರುಗಿ ಹೋದ್ರು. ಆಗಲೇ ಕಂಬ ಬಿದ್ದದ್ದು." ಅವನು ಫಿರಂಗಿಯ ಕಡೆ ಕೈ ತೋರಿಸಿ ಕೇಳಿದ. "ನಾನು ಹಡಗಿನಲ್ಲೇ ಬೆಳೆದವ. ಹೆದರೂ ಜನ ಹೇಗಿರ್ತಾರೆ ಅಂತ ನನಗೆ ಗೊತ್ತುಂಟು. ಇವರು ಹಿಂದೆ ಬೀದಿಯಲ್ಲಿ ನಿಂತು ಹಾಗೆ ಹೇಳಿದ್ರಂತೆ. ಯಾಕಮ್ಮಾ ಹೇಳಿದ್ರು?"

ನಾನು ಅವನಿಗೆ ಒಂದು ಲೋಟ ನೀರು ತಂದುಕೊಟ್ಟೆ. ಅದನ್ನು ಕುಡಿದು ಅವನು ಹೊರಟುಹೋದ. ರುಕ್ಕು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಮ್ಮ, ಯಾಕೆ ಹೇಳಿದ್ರು?"

ಇನ್ನು ಯಾರಿಗಾಗಿ ಮುಚ್ಚಿಡುವುದು? ಗಂಡಸಿಲ್ಲದ ಮನೆಯ ಫಿರಂಗಿಯನ್ನು ಬಂದರಿನವರು ನಾಳೆಯೋ ನಾಡಿದ್ದೋ ಬಂದು ಒಯ್ಯುತ್ತಾರೆ, ಎಣಿಕೆ ಇನ್ನು ಅರವತ್ತನಾಲ್ಕಕ್ಕೆ ಏರುವುದಿಲ್ಲ. ನಾನು ಕೂತು ಎಲ್ಲ ಹೇಳಿದೆ. ಹೊನ್ನಕ್ಕ ಬಂದದ್ದು, ಉಪ್ಪು, ಕೆಂಡ, ಹಿಂದಿನ ಬಾಗಿಲು, ನಾನು ಬೇಡವೆಂದದ್ದು, ಅವರು ಅನ್ನ ಕಲಸುತ್ತಾ ಕೂತದ್ದು. ಅವಳಿಗೆ ಹೇಳೋಣವೆಂದು ನಾನು ಬೇಡಿಕೊಂಡದ್ದನ್ನೂ ಹೇಳಿದೆ. ಅವಳು ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಮುಖ ತೊಳೆದುಕೊಂಡು ಹೊರಗೆ ಹೋದಳು.

ನಾನು ಹೆದರಿ ಹಿಂದೆಯೇ ಹೋದೆ. ಬೀದಿಯಲ್ಲಿ ನಿಂತು ಕೂಗಿ ಎಲ್ಲರ ಮಾನ ಕಳೆಯುತ್ತಾಳೆ ಎಂದುಕೊಂಡೆ. ಅವಳು ಕೂಗಲಿಲ್ಲ. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಬಲೆ ಹೆಣೆಯುತ್ತಿದ್ದ. ಅವನ ಮುಂದೆ ನಿಂತು ಅವನ ಮುಖವನ್ನೇ ನೋಡಿದಳು. "ಎಂತ ಬೇಕು?" ಎಂದ. "ಎಂತದೂ ಬೇಡ" ಎಂದು ಮುಂದಿನ ಮನೆಗೆ ಹೋದಳು. ಅಲ್ಲಿ ಒಬ್ಬ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ. ಇನ್ನೊಂದು ಮನೆಯಲ್ಲಿ ಒಬ್ಬ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ, ಅವನ ಹೆಂಡತಿ ಎಬ್ಬಿಸಲು ಹೋದಾಗ ರುಕ್ಕು ಬೇಡವೆಂದು ಕೈ ಅಲ್ಲಾಡಿಸಿ ಅವನು ಉಸಿರಾಡುವುದನ್ನು ನೋಡಿಕೊಂಡು ಬಂದಳು. ಅಷ್ಟರಲ್ಲಿ ಹೆಂಗಸರಿಗೆ ಅರ್ಥವಾಗಿತ್ತು. ಯಾರೂ ಬಾಗಿಲು ಹಾಕಲಿಲ್ಲ. ಅವಳು ಬರುತ್ತಿದ್ದ ಹಾಗೆ ಗಂಡಂದಿರನ್ನು ಹೊರಗೆ ಕರೆದು ನಿಲ್ಲಿಸಿದರು. ಯಾಕೆಂದು ಆ ಗಂಡಸರಿಗೆ ತಿಳಿಯಲಿಲ್ಲ. ಹೊನ್ನಕ್ಕ ಮುದುಕಿಯಾಗಿದ್ದಳು. ಅವಳು ಹೊಸಿಲಿನಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ರುಕ್ಕು ಅವಳ ಪಕ್ಕದಿಂದ ದಾಟಿ ಒಳಗೆ ಹೋದಳು. ನಾನು ಅಲ್ಲಿಂದ ತಿರುಗಿ ಮನೆಗೆ ಬಂದೆ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಂದಳು. ನಾನು ಅನ್ನಕ್ಕೆ ಇಟ್ಟಿದ್ದೆ. ಅವಳು ಒಲೆಯ ಪಕ್ಕ ಬಂದು ಕೂತು ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು.

"ಎಲ್ಲರನ್ನೂ ನೋಡಿ ಬಂದೆ ಅಮ್ಮ" ಎಂದಳು. ಆಮೇಲೆ ದನಿ ಒಡೆದು ಹೇಳಿದಳು, "ದುಗ್ಗ ಮಾವನ ತಲೆ ಪೂರ್ತಿ ಬೆಳ್ಳಗಾಗಿದೆ."